ಮುಳುಗಡೆಯ ಪಾಠವನ್ನು ಮುಳುಗಡೆಯವರ ಮರಿಮಕ್ಕಳಿಗೆ ಹೇಳುವುದು ಹೇಗೆ?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ಮತ್ತು ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹಲವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಈ ಕಡೆಗೆ ಬಂದವರ ಮರಿಮಕ್ಕಳು. ಶರಾವತಿ ಜಲವಿದ್ಯುತ್ ಯೋಜನೆ ಎಂದು ಅವರೆಲ್ಲ ಓದಿರುತ್ತಾರೆ, ಅಂಕಕ್ಕೆ ಉತ್ತರವನ್ನೂ ಬರೆಯುತ್ತಾರೆ. ಆದರೆ ಆ ಯೋಜನೆಗೂ ತಮ್ಮ ಮನೆಯ ಹಕ್ಕುಪತ್ರ ಇಂದಿಗೂ ಸಿಗದಿರುವುದಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಒತ್ತಾಯದ ವಲಸೆ ಮತ್ತು ಅದರಿಂದಾಗುವ ಸಂಸ್ಕೃತಿಯ ನಷ್ಟ ಎಂಬ ವಿಷಯವನ್ನು ಈ ವರ್ಷ ಸ್ವಲ್ಪ ವಿಸ್ತಾರವಾಗಿ ತೆಗೆದುಕೊಳ್ಳಬೇಕೆಂದಿದ್ದೇನೆ. ಎರಡು ತೊಡಕುಗಳು ಎದುರಾಗಿವೆ. ಜಮೀನು, ಮನೆ, ಪರಿಹಾರ ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಸಂಸ್ಕೃತಿ ಹೋಯಿತು ಎಂದರೆ ಏನು ಹೋಯಿತೆಂದು ಅವರಿಗೆ ಹೊಳೆಯುವುದಿಲ್ಲ, ‘ಬದಲಿಗೆ ಜಾಗ ಕೊಟ್ಟರಲ್ಲ ಮೇಡಂ’ ಎಂದೇ ಕೇಳುತ್ತಾರೆ. ಇನ್ನೊಂದು, ಆ ಕುಟುಂಬಗಳ ಮಕ್ಕಳು ಎದುರಿಗೇ ಕುಳಿತಿರುವಾಗ ಅವರನ್ನು ಮುಜುಗರಕ್ಕೆ ಒಡ್ಡದೆ ಹೇಗೆ ಕಲಿಸಬೇಕು ಎಂಬುದು. ಅನುಭವ ಉಳ್ಳವರು ದಯವಿಟ್ಟು ಬರೆಯಿರಿ.

ಉತ್ತರ: ಹಿನ್ನೀರಿನ ಹಿರಿಯರು, ಸಾಗರ

ಮೇಡಂ, ನಮ್ಮ ಮನೆತನವೂ ಶರಾವತಿ ಕಣಿವೆಯದೇ. ತಾವು ಈ ಪಾಠಕ್ಕೆ ಕೈಹಾಕಿರುವುದು ನನಗೆ ಬಹಳ ಸಂತೋಷ ತಂದಿದೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಮೊದಲು ದುಃಖವನ್ನು ಹೇಳಬಾರದು, ನಡೆದ ಕ್ರಮವನ್ನು ಹೇಳಬೇಕು. ಯಾರು ತೀರ್ಮಾನಿಸಿದರು, ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ, ಕಾಗದದಲ್ಲಿ ಯಾರ ಹೆಸರಿತ್ತು ಎಂಬುದು ಗೊತ್ತಾದರೆ ಹದಿಮೂರು ವರ್ಷದ ಮಗು ಉಳಿದದ್ದನ್ನು ತಾನೇ ಊಹಿಸಿಕೊಳ್ಳುತ್ತದೆ. ಬರೀ ಕಣ್ಣೀರಿನ ಕಥೆ ಹೇಳಿದರೆ ಅದನ್ನು ಹಣೆಬರಹ ಎಂದುಕೊಂಡು ಸುಮ್ಮನಾಗುತ್ತದೆ.

ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನಿಂದ ಶುರುಮಾಡಿ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿದ್ದು ಆ ಅಣೆಕಟ್ಟಿನ ನೀರಿನಿಂದ. ಬೇಡಿಕೆ ಬೆಳೆದು, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಹಿರೇಭಾಸ್ಕರವೇ ಹೊಸ ಹಿನ್ನೀರಿನಲ್ಲಿ ಮುಳುಗಿತು. ಹದಿನಾರು ವರ್ಷದ ಹಿಂದೆ ಕಟ್ಟಿದ ಅಣೆಕಟ್ಟನ್ನೇ ನುಂಗಿದ ನೀರು ಊರುಗಳನ್ನು ಬಿಟ್ಟೀತೇ ಎಂದು ಮಕ್ಕಳೇ ಕೇಳಲಿ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಹಳೆಯ ಅಣೆಕಟ್ಟು ಈಗಲೂ ಮೇಲೆ ಕಾಣುತ್ತದೆ, ಜನ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ಅದರ ಸುತ್ತ ಊರುಗಳಿದ್ದವು ಎಂಬುದು ಆ ಫೋಟೊದಲ್ಲಿ ಬರುವುದಿಲ್ಲ.

ಇನ್ನು ಕಾಗದದ ವಿಚಾರ. ಆ ಕಣಿವೆಯಲ್ಲಿ ಗದ್ದೆ ಉಳುತ್ತಿದ್ದವರಲ್ಲಿ ಬಹಳ ಮಂದಿ ಗೇಣಿದಾರರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರ ಸತ್ಯಾಗ್ರಹ ನಡೆದದ್ದು 1951ರಲ್ಲಿ. ಉಳುವವನಿಗೇ ಭೂಮಿ ಎಂಬ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಅಣೆಕಟ್ಟು ಅದಕ್ಕೆ ಹತ್ತು ವರ್ಷ ಮೊದಲೇ ಮುಗಿದಿತ್ತು. ಈ ಮೂರು ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದು, ತಲೆಮಾರುಗಳಿಂದ ಉತ್ತ ಗದ್ದೆ ಮುಳುಗಿದಾಗ ಪರಿಹಾರದ ಹಣಕ್ಕೆ ಯಾರು ಹಕ್ಕುದಾರರಾಗುತ್ತಾರೆ ಎಂದು ಕೇಳಿ. ಪಹಣಿಯಲ್ಲಿ ಹೆಸರಿಲ್ಲದ ಉಳುಮೆಗಾರನಿಗೆ ಏನಾಯಿತೆಂದು ಮಕ್ಕಳು ಹೇಳುತ್ತಾರೆ, ನೀವು ಹೇಳಬೇಕಾಗಿಯೇ ಇಲ್ಲ.

ಸಂತ್ರಸ್ತರನ್ನು ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಸೊರಬ, ತೀರ್ಥಹಳ್ಳಿ ಕಡೆಗಳಿಗೆ ಚದುರಿಸಿ ಕಳಿಸಿದರು. ಕೊಟ್ಟ ನೆಲದಲ್ಲಿ ಬಹುಪಾಲು ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಮುಂದೆ ಸರ್ಕಾರ ಅದನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟು ಆದೇಶಗಳನ್ನು ಹೊರಡಿಸಿತಾದರೂ, ಕೇಂದ್ರದ ಅನುಮತಿ ಪಡೆದಿಲ್ಲವೆಂಬ ಕಾರಣದಿಂದ 2021ರಲ್ಲಿ ಹೈಕೋರ್ಟ್ ಅವುಗಳನ್ನು ರದ್ದುಗೊಳಿಸಿತು. ನಾಡಿಗೆ ಬೆಳಕು ಕೊಡಲು ಎದ್ದುಬಂದ ಮನೆಗಳ ಮೂರನೆಯ, ನಾಲ್ಕನೆಯ ತಲೆಮಾರು ಇವತ್ತು ಒತ್ತುವರಿದಾರರೆಂದು ಕರೆಸಿಕೊಳ್ಳುತ್ತಿದೆ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ‘ಬದಲಿಗೆ ಜಾಗ ಕೊಟ್ಟರಲ್ಲ’ ಎಂದು ಕೇಳುವ ಮಗುವಿಗೆ ಉತ್ತರವೂ ಇದರಲ್ಲೇ ಇದೆ.

ಸಂಸ್ಕೃತಿಯ ನಷ್ಟವನ್ನು ತೋರಿಸಲು ದೀವರ ಸಮುದಾಯದ ಮನೆಗಳ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯಲ್ಲಿ ಮದುಮಕ್ಕಳನ್ನು ಆ ಹಸೆಯ ಮುಂದೆಯೇ ಕೂರಿಸುತ್ತಾರೆ. ಬರೆಯುವವಳು ತಾಯಿಯ ಅಥವಾ ಅತ್ತೆಯ ಪಕ್ಕದಲ್ಲಿ ಕೂತು ಗೆರೆ ಎಳೆದೇ ಕಲಿಯಬೇಕು, ಪುಸ್ತಕ ನೋಡಿ ಕಲಿಯುವ ವಿದ್ಯೆ ಅದಲ್ಲ. ಈಗ ಮಕ್ಕಳನ್ನು ಕೇಳಿ: ಚೆನ್ನಾಗಿ ಬರೆಯುವ ಅಜ್ಜಿ ಭದ್ರಾವತಿಗೆ ಹೋದಳು, ಕಲಿಯಬೇಕಿದ್ದ ಹುಡುಗಿ ಸೊರಬಕ್ಕೆ ಹೋದಳು, ನಾರು ಸಿಗುವ ಜಾಗ ನೀರಿನಡಿಗೆ ಹೋಯಿತು, ಹಸೆ ಎಲ್ಲಿಗೆ ಹೋಯಿತು? ಭೂಮಿ ಹುಣ್ಣಿಮೆಯ ವಿಚಾರವೂ ಹೀಗೆಯೇ. ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ನಸುಕಿನಲ್ಲಿ ಹೋಗಿ, ಹೊಡೆ ತುಂಬಿದ ತಮ್ಮದೇ ಗದ್ದೆಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುವ ಹಬ್ಬ ಅದು. ಬುಟ್ಟಿಯನ್ನು ಲಾರಿಗೆ ಹೇರಬಹುದು, ಗದ್ದೆಯನ್ನು ಹೇರಲಾಗುವುದಿಲ್ಲ. ಊರ ಚೌಡಿಯ ಮರವನ್ನೂ ನಾಗಬನವನ್ನೂ ಹೇರಲಾಗುವುದಿಲ್ಲ.

ಹಾಗೆಂದು ಎಲ್ಲ ಮುಗಿದುಹೋಯಿತು ಎಂದೂ ಕಲಿಸಬೇಡಿ. ಹಸೆ ಬರೆಯುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ, ಹೊಸ ನೆಲದಲ್ಲೂ ಭೂಮಿ ಹುಣ್ಣಿಮೆ ನಡೆಯುತ್ತಿದೆ. ತಮ್ಮ ತರಗತಿಯ ಮಕ್ಕಳ ಮನೆಗಳಲ್ಲೇ ನಡೆಯುತ್ತಿರಬಹುದು.

ಉತ್ತರ: ವಿದ್ಯುತ್ ಕ್ಷೇತ್ರದ ನಿವೃತ್ತರು, ಬೆಂಗಳೂರು

ಹಿರಿಯರ ಬರಹವನ್ನು ಗೌರವದಿಂದ ಓದಿದೆ. ಒಂದು ಆಕ್ಷೇಪವನ್ನು ಮಾತ್ರ ಸಲ್ಲಿಸುತ್ತೇನೆ. ಶರಾವತಿಯ 1035 ಮೆಗಾವಾಟ್ ಇಲ್ಲದಿದ್ದರೆ ಈ ರಾಜ್ಯದ ಕೈಗಾರಿಕೆಗಳು, ನೀರಾವರಿ ಪಂಪ್‌ಸೆಟ್ಟುಗಳು, ಆಸ್ಪತ್ರೆಗಳು ಇಂದಿನ ಸ್ಥಿತಿಗೆ ಬರುತ್ತಿರಲಿಲ್ಲ. ಕಟ್ಟಿದವರನ್ನು ಖಳರನ್ನಾಗಿ ಮಾಡಿದರೆ ಮಕ್ಕಳಿಗೆ ಅರ್ಧ ಇತಿಹಾಸವನ್ನೇ ಕೊಟ್ಟಂತಾಗುತ್ತದೆ. ಆ ಅಣೆಕಟ್ಟೆಯ ಕಾಮಗಾರಿಯಲ್ಲಿ ಕೂಲಿಗಾಗಿ ದೂರದೂರದಿಂದ ಬಂದು ದುಡಿದ ಸಾವಿರಾರು ಬಡವರೂ ಇದ್ದರು ಎಂಬುದನ್ನು ನೆನಪಿಸಲು ಇಚ್ಛಿಸುತ್ತೇನೆ.

ಮರುಉತ್ತರ: ಹಿನ್ನೀರಿನ ಹಿರಿಯರು, ಸಾಗರ

ತಮ್ಮ ಮಾತು ನ್ಯಾಯವಾದದ್ದು, ಇದನ್ನೂ ಖಂಡಿತ ಕಲಿಸಬೇಕು. ಸಂತ್ರಸ್ತರಾದ ನಮ್ಮಲ್ಲೂ ವಿದ್ಯುತ್ ಬೇಡವಾಗಿತ್ತು ಎನ್ನುವವರು ಕಡಿಮೆ. ಆದರೆ ಅದರ ಜೊತೆಗೇ ಇನ್ನೊಂದನ್ನೂ ಹೇಳಬೇಕು. ಹಿನ್ನೀರಿನ ದಡದ ಹಲವು ಊರುಗಳಿಗೆ ಆ ವಿದ್ಯುತ್ತೇ ದಶಕಗಳವರೆಗೆ ಬರಲಿಲ್ಲ. ನಡುಗಡ್ಡೆಯಂತಾದ ಕರೂರು, ಭಾರಂಗಿ ಸೀಮೆಯ ಜನ ಆಸ್ಪತ್ರೆಗೂ ಕಾಲೇಜಿಗೂ ಹೊಳೆಬಾಗಿಲಿನ ಲಾಂಚನ್ನೇ ಕಾಯಬೇಕಾಗಿತ್ತು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಲಾಭ ಯಾರಿಗೆ ಎಷ್ಟು ಬೇಗ ತಲುಪಿತು, ನಷ್ಟ ಹೊತ್ತವರಿಗೆ ಎಷ್ಟು ತಡವಾಗಿ ತಲುಪಿತು ಎಂಬ ಲೆಕ್ಕವನ್ನು ಮಕ್ಕಳು ಮಾಡಲಿ. ಅದರಿಂದ ಯಾರೂ ಖಳರಾಗುವುದಿಲ್ಲ.

ಉತ್ತರ: ಕೊಂಕಣಿ ಮನೆಮಾತಿನ ಓದುಗ, ಮಂಗಳೂರು

ಪಾಠವನ್ನು ಶರಾವತಿಯಿಂದ ಆರಂಭಿಸುವುದು ಸರಿಯಾದ ಕ್ರಮ. ಅದಕ್ಕೆ ಜೊತೆಯಾಗಿ ಇನ್ನೂ ಹಳೆಯ ಪ್ರಸಂಗವೊಂದನ್ನು ಇಟ್ಟರೆ, ಒಂದು ಸಮುದಾಯ ಎದ್ದು ಹೋಗಿ ನಾಲ್ಕು ನೂರು ವರ್ಷ ಕಳೆದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ತೋರಿಸಬಹುದು. ಗೋವೆಯಲ್ಲಿ ಪೋರ್ಚುಗೀಸರು 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಮಂಡಳಿಯನ್ನು ಸ್ಥಾಪಿಸಿದರು. ಅದು ಪೂರ್ತಿ ಕೊನೆಗೊಂಡದ್ದು 1812ರಲ್ಲಿ. ಹದಿನಾರನೆಯ ಶತಮಾನದಲ್ಲಿ ಸಾಷ್ಟಿ ಪ್ರದೇಶದ ದೇವಾಲಯಗಳು ನೆಲಸಮವಾದಾಗ ಜನ ರಾತ್ರೋರಾತ್ರಿ ದೇವರನ್ನು ಹೊತ್ತು ನದಿ ದಾಟಿದರು. ಕುಶಸ್ಥಳಿಯ ಮಂಗೇಶ ಇಂದು ಫೋಂಡಾ ಸೀಮೆಯಲ್ಲಿರುವುದು ಹೀಗೆ. ಎಷ್ಟೋ ಕುಟುಂಬಗಳು ಕರಾವಳಿಗುಂಟ ಕೆಳಗಿಳಿದು ಕಾರವಾರ, ಕುಮಟಾ, ಭಟ್ಕಳ, ಮಂಗಳೂರು, ಕೊಚ್ಚಿಯವರೆಗೂ ಹೋಗಿ ನೆಲೆಸಿದವು. ಮುಂದೆ 1684ರಲ್ಲಿ ವೈಸರಾಯ್ ಒಬ್ಬರು ಗೋವೆಯ ಜನ ಮೂರು ವರ್ಷದೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಮಾತನಾಡಬೇಕೆಂದು ಆದೇಶಿಸಿದರು.

ಮಕ್ಕಳ ಗಮನಕ್ಕೆ ತರಬೇಕಾದ ಸಂಗತಿ ಏನೆಂದರೆ, ಆ ಆದೇಶ ಸೋತಿತು. ಗೋವೆಯಲ್ಲೂ ಭಾಷೆ ಉಳಿಯಿತು, ಇಲ್ಲಿ ನಾವು ಅದನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, 1992ರಲ್ಲಿ ಅದು ಸಂವಿಧಾನದ ಎಂಟನೆಯ ಅನುಸೂಚಿಗೂ ಸೇರಿತು. ಆದರೆ ಒಂದೇ ಮಾತು ಆಡುತ್ತಿದ್ದವರು ಹಲವು ರಾಜ್ಯಗಳಿಗೆ, ಹಲವು ಲಿಪಿಗಳಿಗೆ ಹಂಚಿಹೋದರು. ನಾನು ಬರೆದ ಕೊಂಕಣಿಯನ್ನು ಗೋವೆಯ ಹುಡುಗ ಓದಲಾರ. ಇದು ಉಳಿವೋ ನಷ್ಟವೋ ಎಂದು ತರಗತಿಯಲ್ಲಿ ಕೇಳಿನೋಡಿ, ಒಳ್ಳೆಯ ಚರ್ಚೆಯಾಗುತ್ತದೆ.

ಇನ್ನೊಂದು ಮಾತನ್ನು ತುಸು ಎಚ್ಚರದಿಂದ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಈ ವಿಷಯ ಬಂದರೆ 1784ರ ಪ್ರಸಂಗ ಬಂದೇ ಬರುತ್ತದೆ. ಕೆನರಾದ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು, ಬದುಕಿ ಉಳಿದವರಲ್ಲಿ ಅನೇಕರು 1799ರ ನಂತರ ಹಿಂದಿರುಗಿದರು. ಇಷ್ಟರಲ್ಲಿ ವಿವಾದವಿಲ್ಲ. ಹೋದವರ ಮತ್ತು ಸತ್ತವರ ಸಂಖ್ಯೆ ಮಾತ್ರ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದೆ. ಇದನ್ನು ಇವತ್ತಿನ ರಾಜಕೀಯದ ಆಯುಧವನ್ನಾಗಿ ಮಾಡುವವರೂ, ಅದೇ ಭಯದಿಂದ ನಡೆದೇ ಇಲ್ಲವೆನ್ನುವವರೂ ಇಬ್ಬರೂ ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಒಂದು ಸಂಖ್ಯೆಯನ್ನು ಯಾರು ಬರೆದರು, ಯಾವಾಗ ಬರೆದರು, ಬರೆದವರಿಗೆ ಅದರಿಂದ ಏನಾಗಬೇಕಿತ್ತು ಎಂದು ಕೇಳಲು ಒಂಬತ್ತನೆಯ ತರಗತಿಯ ಮಕ್ಕಳಿಗೆ ಧಾರಾಳವಾಗಿ ಬರುತ್ತದೆ. ಒತ್ತಾಯದ ವಲಸೆಯ ಯಾವ ಪ್ರಸಂಗವನ್ನೂ ಪಕ್ಕದ ಬೆಂಚಿನಲ್ಲಿ ಕುಳಿತ ಮಗುವಿನ ಧರ್ಮದ ಮೇಲಿನ ಆರೋಪವಾಗಿ ಕಲಿಸಬಾರದು. ಪೋರ್ಚುಗೀಸರ ಪ್ರಸಂಗಕ್ಕೂ ಇದೇ ಮಾತು ಅನ್ವಯಿಸುತ್ತದೆ; ಇನ್‌ಕ್ವಿಸಿಷನ್ನಿನ ಕಾಟಕ್ಕೆ ಗೋವೆ ಬಿಟ್ಟು ಬಂದವರಲ್ಲಿ ಕ್ರೈಸ್ತರೂ ಇದ್ದರು.

ಉತ್ತರ: ಕನ್ನಡತಿ, ಅಟ್ಲಾಂಟಾ

ನನ್ನ ಮಗಳು ಇಲ್ಲಿಯ ಶಾಲೆಯಲ್ಲಿ ಚೆರೋಕೀ ಜನರನ್ನು ಹೊರಹಾಕಿದ ಇತಿಹಾಸವನ್ನು ಓದುತ್ತಿದ್ದಾಳೆ. ನಾವು ಬದುಕುತ್ತಿರುವುದು ಜಾರ್ಜಿಯಾದಲ್ಲಿ, ಅಂದರೆ ಅದು ನಡೆದ ನೆಲದಲ್ಲೇ; ಆದ್ದರಿಂದ ಅದು ನಮಗೆ ಪರರ ಪಾಠವಾಗಿ ಉಳಿದಿಲ್ಲ. ಸಾಗರದ ಹಿರಿಯರು ಹೇಳಿದ ಇಸವಿಗಳ ಸಾಲು ಇಲ್ಲಿಗೂ ಒಪ್ಪುತ್ತದೆ. ಸೆಕ್ವೊಯಾ ಎಂಬಾತ ತನ್ನ ಭಾಷೆಗೆ ಲಿಪಿಯನ್ನು ಪೂರ್ಣಗೊಳಿಸಿದ್ದು 1821ರಲ್ಲಿ. ಕನ್ನಡದ ಕಾಗುಣಿತದಂತೆ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ ಎಂದು ನಾನು ವಿವರಿಸಿದಾಗ ಮಗಳಿಗೆ ಅದು ತಟ್ಟನೆ ಅರ್ಥವಾಯಿತು. 1828ರಲ್ಲಿ ಅವರ ರಾಜಧಾನಿ ನ್ಯೂ ಎಚೋಟಾದಿಂದ ಅವರದೇ ಪತ್ರಿಕೆ ಹೊರಟಿತು. ಅವರ ನೆಲದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಆದಿವಾಸಿ ಜನಾಂಗಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯ್ದೆ ಬಂತು. 1832ರಲ್ಲಿ ಸುಪ್ರೀಂ ಕೋರ್ಟ್ ಚೆರೋಕೀ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯದೆಂದು ತೀರ್ಪು ಕೊಟ್ಟಿತು, ಆದರೆ ಅದು ಜಾರಿಯಾಗಲಿಲ್ಲ. 1835ರಲ್ಲಿ ಸಣ್ಣ ಗುಂಪೊಂದು ಒಪ್ಪಂದಕ್ಕೆ ಸಹಿ ಹಾಕಿತು. ಅದನ್ನು ಒಪ್ಪುವುದಿಲ್ಲವೆಂದು ಮುಖಂಡ ಜಾನ್ ರಾಸ್ ಸಾವಿರಾರು ಜನರ ಸಹಿಯ ಮನವಿ ಒಯ್ದರೂ ನಡೆಯಲಿಲ್ಲ. 1838ರಲ್ಲಿ ಸೈನ್ಯ ಬಂದು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಿತು. ಸುಮಾರು 16,000 ಜನರಲ್ಲಿ ಸುಮಾರು 4,000 ಜನ ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಸತ್ತರೆಂಬ ಅಂದಾಜಿದೆ.

ಈ ಸಾಲಿನಿಂದ ಮಕ್ಕಳಿಗೆ ದೊರೆಯುವ ತಿಳಿವು ದೊಡ್ಡದು. ಹಿಂದುಳಿದವರಾಗಿದ್ದರಿಂದ ಅವರ ನೆಲ ಹೋಯಿತು ಎಂಬ ಮಾತು ಎಷ್ಟು ಸುಳ್ಳು ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ. ಲಿಪಿ, ಪತ್ರಿಕೆ, ನ್ಯಾಯಾಲಯದ ಗೆಲುವು ಎಲ್ಲ ಇದ್ದೂ ಹೋಯಿತು.

ಇಲ್ಲಿ ಕಂಡ ಎರಡು ತಪ್ಪು ಪದ್ಧತಿಗಳನ್ನು ಹೇಳಲೇಬೇಕು. ಒಂದು, ಮಕ್ಕಳಿಗೆ ಗಂಟುಮೂಟೆ ಹೊರಿಸಿ ‘ನೀವೀಗ ಹೊರದಬ್ಬಿಸಿಕೊಂಡವರು’ ಎಂದು ಆಟವಾಡಿಸುವುದು. ಸಾವಿನ ಮೆರವಣಿಗೆ ಮಧ್ಯಾಹ್ನದ ಊಟಕ್ಕೆ ಮುಗಿಯುವ ಆಟವಾಗಿಬಿಡುತ್ತದೆ, ಆ ಜನಾಂಗದ ಮಗುವೊಂದು ತರಗತಿಯಲ್ಲಿದ್ದರೆ ಅದರ ಪಾಡು ಹೇಳತೀರದು. ಇನ್ನೊಂದು, ಪಾಠವನ್ನು 1838ಕ್ಕೆ ನಿಲ್ಲಿಸುವುದು. ಚೆರೋಕೀ ಜನ ಅಳಿದುಹೋದರೆಂದೇ ನನ್ನ ಮಗಳು ತಿಳಿದಿದ್ದಳು. ಒಕ್ಲಹೋಮಾದ ತಾಲೆಕ್ವಾದಲ್ಲಿ ಇಂದಿಗೂ ಅವರ ಸರ್ಕಾರವಿದೆ, ಚೆರೋಕೀ ಭಾಷೆಯಲ್ಲೇ ಎಲ್ಲ ಪಾಠ ನಡೆಯುವ ಶಾಲೆಯಿದೆ, ಅದೇ ಲಿಪಿಯಲ್ಲಿ ಮಕ್ಕಳು ಬರೆಯುತ್ತಾರೆ ಎಂದು ತಿಳಿದಾಗ ಅವಳು ಕೇಳಿದ ಪ್ರಶ್ನೆಗಳೇ ಬೇರೆಯಾದವು.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕ, ಯಲ್ಲಾಪುರ

ನಮ್ಮಲ್ಲಿ ಸಿದ್ದಿ ಸಮುದಾಯದ ಮಕ್ಕಳು ಓದುತ್ತಾರೆ. ಇವರ ಪೂರ್ವಜರಲ್ಲಿ ಹೆಚ್ಚಿನವರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡು, ಬಿಡುಗಡೆಯಾಗಿ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡು ಸೇರಿದರು. ಪೂರ್ವಜರ ಭಾಷೆಗಳನ್ನು ಇಂದು ಇಲ್ಲಿ ಯಾರೂ ಆಡುವುದಿಲ್ಲ. ಮನೆಯಲ್ಲಿ ಕೊಂಕಣಿ, ಮರಾಠಿ, ಶಾಲೆಯಲ್ಲಿ ಕನ್ನಡ. ಡಮಾಮಿ ಎಂಬ ಚರ್ಮವಾದ್ಯದ ಬಡಿತ, ಹಿರಿಯರ ಪೂಜೆ, ಹೆಂಗಸರು ಹೊಲಿಯುವ ಕೌದಿ ಇವೆಲ್ಲ ಉಳಿದಿವೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ನಿಮ್ಮವರ ಕಥೆ ಹೇಳು’ ಎನ್ನುವ ಪದ್ಧತಿಯನ್ನು ದಯವಿಟ್ಟು ಬಿಡಿ. ಸಿದ್ದಿ ಮಗುವಿಗೆ ತನ್ನ ಬಣ್ಣ, ಕೂದಲಿನ ಬಗ್ಗೆ ಬಸ್ಸಿನಲ್ಲಿ, ಸಂತೆಯಲ್ಲಿ ಕೇಳುವ ಪ್ರಶ್ನೆಗಳೇ ಬೇಕಾದಷ್ಟಿವೆ, ತರಗತಿಯಲ್ಲೂ ಅದು ಪ್ರದರ್ಶನದ ವಸ್ತುವಾಗಬಾರದು. ಹೇಳಬೇಕಾದ್ದನ್ನು ಶಿಕ್ಷಕರೇ ಓದಿಕೊಂಡು ಹೇಳಬೇಕು. ಆಮೇಲೆ ಯಾರಾದರೂ ಮಗು ತಾನಾಗಿ ‘ನಮ್ಮ ಅಜ್ಜಿಗೆ ಗೊತ್ತು’ ಎಂದರೆ ಮನೆಗೆ ಹೋಗಿ ಅಜ್ಜಿಯ ಒಪ್ಪಿಗೆ ಪಡೆದು, ಅವರಿಗೆ ಅನುಕೂಲವಾದ ದಿನ ಶಾಲೆಗೆ ಕರೆಯಬೇಕು. ಅಜ್ಜಿ ಬಂದಾಗ ಕುರ್ಚಿ ಹಾಕಿ ಅತಿಥಿಗೆ ಕೊಡುವ ಗೌರವ ಕೊಡಬೇಕು. ಹೀಗೆ ಬಂದ ಅಜ್ಜಿಯ ಮುಂದೆ ಮೊಮ್ಮಗು ಕುಳಿತಿರುವ ರೀತಿಯೇ ಬೇರೆ.

ಉತ್ತರ: ಪಿರಿಯಾಪಟ್ಟಣದ ಓದುಗ

ಹಿರಿಯರು ಚದುರಿಸಿದರು ಎಂದು ಬರೆದ ಮಾತಿಗೆ ಒಂದು ಹೋಲಿಕೆಯನ್ನು ಸೇರಿಸುತ್ತೇನೆ. 1959ರಲ್ಲಿ ದಲೈ ಲಾಮಾ ಲಾಸಾ ತೊರೆದ ಬಳಿಕ ಬಂದ ಟಿಬೆಟನ್ ನಿರಾಶ್ರಿತರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ನಮ್ಮ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆಯನ್ನು ಒಂದೇ ಕಡೆ ಕೊಟ್ಟಿತು. ಅವರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಾದವು, ಅಲ್ಲಿ ಅವರ ಭಾಷೆಯನ್ನು ಕಲಿಸಿದರು. ಲಾಸಾದ ಸೆರಾ ಮಠವನ್ನು ಇಲ್ಲಿ ಮತ್ತೆ ಕಟ್ಟಿದರು. ಕಾಡು ಕಡಿದು ಜೋಳ ಬೆಳೆದ ಆ ಮೊದಲ ವರ್ಷಗಳ ಕಷ್ಟ ಸಣ್ಣದಲ್ಲ, ದೇಶ ಕಳೆದುಕೊಂಡ ನೋವು ಈಗಲೂ ಇದೆ. ಆದರೂ ಭಾಷೆ ಮತ್ತು ಪೂಜಾವಿಧಿ ಮೂರನೆಯ ತಲೆಮಾರಿಗೆ ತಲುಪಿದವು.

ಅದೇ ಸರ್ಕಾರ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ತನ್ನದೇ ಪ್ರಜೆಗಳಾದ ಶರಾವತಿ ಕಣಿವೆಯವರನ್ನು ತಾಲ್ಲೂಕು ತಾಲ್ಲೂಕಿಗೆ ಹಂಚಿತು. ಇದನ್ನು ಟಿಬೆಟನ್ನರ ಮೇಲಿನ ಅಸೂಯೆಯಿಂದ ಹೇಳುತ್ತಿಲ್ಲ. ಒಂದೇ ಕಡೆ ನೆಲ, ತಮ್ಮದೇ ಶಾಲೆ, ದೇವರಿಗೊಂದು ಜಾಗ ಸಿಕ್ಕರೆ ಒಂದು ಸಂಸ್ಕೃತಿ ಎಷ್ಟು ಉಳಿಯಬಲ್ಲದು ಎಂಬುದಕ್ಕೆ ಬೈಲಕುಪ್ಪೆ ಕಣ್ಣೆದುರಿನ ಸಾಕ್ಷಿ, ಆದ್ದರಿಂದ ಎರಡನ್ನೂ ಒಟ್ಟಿಗಿಟ್ಟು ಕಲಿಸಿದರೆ ನಷ್ಟವನ್ನು ತಪ್ಪಿಸಬಹುದಿತ್ತು ಎಂಬುದು ಮಕ್ಕಳಿಗೆ ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬೈಲಕುಪ್ಪೆ ಮತ್ತು ಶರಾವತಿಯ ಹೋಲಿಕೆಯನ್ನು ಪಾಠದ ನಡುಭಾಗದಲ್ಲಿ ಇಡುತ್ತೇನೆ. ಕಾಗೋಡು, ಲಿಂಗನಮಕ್ಕಿ, 1974ರ ತಿದ್ದುಪಡಿ ಈ ಮೂರು ಇಸವಿಗಳಿಂದ ಶುರುಮಾಡಿ, ಹಸೆಯ ಪ್ರಶ್ನೆಗೆ ಬಂದು, ಅಲ್ಲಿಂದ ಗೋವೆಗೂ ಜಾರ್ಜಿಯಾಕ್ಕೂ ಹೋಗುವುದೆಂದು ತೀರ್ಮಾನಿಸಿದ್ದೇನೆ. ವಿದ್ಯುತ್ ಕ್ಷೇತ್ರದ ಹಿರಿಯರ ಆಕ್ಷೇಪವನ್ನು ಅವರ ಮಾತಿನಲ್ಲೇ ಓದಿಹೇಳುತ್ತೇನೆ, ಅದಕ್ಕೆ ಮಕ್ಕಳು ಏನು ಉತ್ತರ ಕೊಡುತ್ತಾರೋ ನೋಡಬೇಕು. ಯಾವ ಮಗುವನ್ನೂ ಹೆಸರು ಹಿಡಿದು ಕೇಳುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರಿಗೆ ಮೊದಲೇ ವಿಷಯ ತಿಳಿಸಿ, ಬರಲು ಇಷ್ಟವಿರುವ ಹಿರಿಯರು ತಾವಾಗಿ ಮುಂದೆ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಒಂದು ಸಹಾಯ ಬೇಕಾಗಿದೆ. ಮುಳುಗಿದ ಊರುಗಳ ಹಳೆಯ ಗ್ರಾಮ ನಕಾಶೆಗಳು ತರಗತಿಗೆ ಬೇಕು. ಗದ್ದೆ, ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕೆರೆ, ಬನ ಇವುಗಳನ್ನು ಮಕ್ಕಳು ಬೆರಳಿಟ್ಟು ನೋಡಿ, ಪಕ್ಕದಲ್ಲಿ ಇಂದಿನ ಉಪಗ್ರಹ ಚಿತ್ರವನ್ನು ಇಟ್ಟುಕೊಳ್ಳಬೇಕೆಂಬುದು ನನ್ನ ಆಸೆ. ಭೂದಾಖಲೆಗಳ ಇಲಾಖೆಗೆ ಅರ್ಜಿ ಕೊಟ್ಟು ಪ್ರತಿ ಪಡೆದವರು ಯಾರಾದರೂ ಇದ್ದರೆ, ಯಾವ ಗ್ರಾಮಗಳ ನಕಾಶೆ ದೊರೆತಿವೆ, ಅರ್ಜಿಯಲ್ಲಿ ಏನೆಂದು ನಮೂದಿಸಬೇಕು ಎಂಬುದನ್ನು ತಿಳಿಸಿದರೆ ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ಪಾಠವನ್ನು ಆರಂಭಿಸಬಹುದು.

ಉತ್ತರ: ಹಿನ್ನೀರಿನ ಹಿರಿಯರು, ಸಾಗರ

ನಮ್ಮ ಊರಿನ ನಕಾಶೆಯ ನೆರಳಚ್ಚು ಪ್ರತಿ ನನ್ನ ಬಳಿ ಇದೆ. ಹೋಬಳಿ ಮತ್ತು ಗ್ರಾಮದ ಹೆಸರನ್ನು ಇಂದಿನ ಪಟ್ಟಿಯಂತೆ ಬರೆಯಬೇಡಿ, ಮುಳುಗಡೆಗೆ ಮೊದಲಿನ ಹೆಸರನ್ನೇ ಬರೆಯಿರಿ. ಸರ್ವೆ ನಂಬರ್ ಗೊತ್ತಿರುವ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋದರೆ ಹುಡುಕುವುದು ಸುಲಭವಾಗುತ್ತದೆ. ನನ್ನ ಪ್ರತಿಯನ್ನು ಅಂಚೆಯಲ್ಲಿ ಕಳಿಸುವ ಬದಲು ನಾನೇ ತರುತ್ತೇನೆ, ನಮ್ಮ ಮನೆಯ ಗದ್ದೆ ಯಾವುದೆಂದು ಮಕ್ಕಳಿಗೆ ತೋರಿಸಬೇಕು. ಶನಿವಾರ ಬೆಳಗಿನ ತರಗತಿಯಾದರೆ ನನಗೆ ಬಸ್ಸಿಗೆ ಅನುಕೂಲ.